ಬಿಕ್ಕಳಿಕೆ ಮಾಮ

ಬಿಸಿ ಸಾಬೂನಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಕಣ್ಣು ಎಳೆಯುತ್ತದೆ. ಅಂಗಡಿಯಲ್ಲಿ ಬಣ್ಣದ ಕಾಗದ ಸುತ್ತಿಕೊಂಡು ಮದುಮಗಳಂತೆ ಕೂತಿರುವ ಸಾಬೂನಿನ ವಾಸನೆಯಲ್ಲ. ಕೊಪ್ಪರಿಗೆಯಿಂದ ಆಗಷ್ಟೇ ಇಳಿದು, ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿರುವ ಸಾಬೂನಿನದು. ಅದಕ್ಕೆ ಯಂತ್ರದ ಎಣ್ಣೆ, ಒದ್ದೆ ನೆಲ, ಕೂಸುಗಳ ನೆತ್ತಿಯ ಹಾಲುವಾಸನೆ ಬೆರೆತರೆ ನನ್ನ ಬಾಲ್ಯವಾಯಿತು.

ನಮ್ಮಮ್ಮ ಸಾಬೂನು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಕೆಲಸದ ಹೆಂಗಸರ ಮಕ್ಕಳನ್ನು ನೋಡಿಕೊಳ್ಳಲು ಅದೇ ಸೂರಿನಡಿ ಒಂದು ಕೋಣೆ ಇತ್ತು. ಬಾಗಿಲ ಮೇಲೆ ಶಿಶುವಿಹಾರ ಎಂದು ಬರೆದಿದ್ದರು, ನಾವು ಕರೆಯುತ್ತಿದ್ದದ್ದು ತೊಟ್ಟಿಲಕೋಣೆ ಎಂದು. ಎದೆಮಟ್ಟದ ಗೋಡೆಯ ಆಚೆ ಯಂತ್ರಗಳು, ಈಚೆ ನಾವು. ನಮ್ಮನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬಳೇ ಒಬ್ಬಳು, ತೊಟ್ಟಿಲ ದೊಡ್ಡಮ್ಮ. ಒಂದು ಕಾಲಲ್ಲಿ ತೊಟ್ಟಿಲು ತೂಗುತ್ತ, ಒಂದು ಕೈಯಲ್ಲಿ ಮೂಗು ಒರೆಸುತ್ತ, ಬೆಳಗಿನಿಂದ ಸಂಜೆಯವರೆಗೆ ಹಾಡುತ್ತಿದ್ದಳು. ಅವಳ ಹಾಡು ಕೇಳಿ ಬೆಳೆದ ನಾವು ನಾಲ್ವರು ಮುದುಕರಾದ ಮೇಲೆ ಒಂದು ಹಾಡಿನ ತಂಡವಾಗಿದ್ದೆವು.

ತಂಡವೆಂದರೆ ದೊಡ್ಡದೇನಲ್ಲ. ನನ್ನ ಅಣ್ಣ ಬಸ್ಸು ಓಡಿಸಿ ನಿವೃತ್ತನಾದವನು, ಹಾರ್ಮೋನಿಯಂ ನುಡಿಸುತ್ತಾನೆ. ಕೊಳಲು ನುಡಿಸುವವನು ದರ್ಜಿ. ಅವನನ್ನು ಎಲ್ಲರೂ ಸೂಜಿ ಎನ್ನುತ್ತಾರೆ, ಕಸುಬಿಗೂ ಹೊಂದುತ್ತದೆ, ಮೈಕಟ್ಟಿಗೂ ಹೊಂದುತ್ತದೆ. ಹಾಡುವವಳು ನಾನು. ಕಾಲೇಜು ಓದಿದವಳು, ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿದವಳು, ಗಂಟಲು ಇನ್ನೂ ಕೈಕೊಟ್ಟಿಲ್ಲ. ಡೋಲು ಬಾರಿಸುವವಳು ಅತ್ತಿಗೆ.

ಅತ್ತಿಗೆ ತೊಟ್ಟಿಲಕೋಣೆಯಲ್ಲಿ ನನ್ನ ಜಡೆ ಎಳೆಯುತ್ತಿದ್ದ ಹುಡುಗಿ. ಮುಂದೆ ಅಣ್ಣನನ್ನು ಮದುವೆಯಾಗಿ ಮನೆಗೇ ಬಂದಳು. "ಇನ್ಮೇಲೆ ಮರ್ಯಾದೆ ಕೊಟ್ಟು ಮಾತಾಡ್ಸು" ಎಂದು ಅಮ್ಮ ನನಗೆ ಕಣ್ಣು ಬಿಟ್ಟಳು. ಅತ್ತಿಗೆ ಎಂದು ಕರೆಯುವುದು, ಹೋಗೇ ಬಾರೇ ಎಂದು ಮಾತಾಡುವುದು, ಹೀಗೆ ನಾವಿಬ್ಬರೂ ರಾಜಿಯಾದೆವು. ಅವಳಿಗೆ ನಾನು ಇವತ್ತಿಗೂ ಪುಟ್ಟಿ.

ಅತ್ತಿಗೆಯದೊಂದು ಪಟ್ಟು ಇದೆ. ಡೋಲು ಬಾರಿಸುವ ದಿನ, ಬಾರಿಸಿ ಮುಗಿಯುವ ತನಕ ಊಟ ಮುಟ್ಟುವುದಿಲ್ಲ. "ಹೊಟ್ಟೆ ತುಂಬಿದ್ರೆ ಕೈ ಮಲಗುತ್ತೆ" ಎನ್ನುತ್ತಾಳೆ. ಎಷ್ಟೋ ಮದುವೆ ಮನೆಗಳಲ್ಲಿ ಎಲ್ಲರೂ ತಿಂದು ಹಲ್ಲು ಕಡ್ಡಿ ಹಿಡಿದಾಗ ಇವಳು ಡೋಲಿನ ಹಗ್ಗ ಸಡಿಲಿಸಿ, ಗವಸು ತೊಡಿಸಿ, ಆಮೇಲೆ ಒಂದು ಮೂಲೆಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂರುತ್ತಿದ್ದಳು. ಅವಳು ಡಬ್ಬಿ ಬಿಚ್ಚಿದಳೆಂದರೆ ಆ ದಿನದ ಸಂಗೀತ ಮುಗಿಯಿತೆಂದೇ ಲೆಕ್ಕ.

ನಮ್ಮನ್ನು ಹುಡುಕಿಕೊಂಡು ಬಂದವರು ಮಕ್ಕಳ ಗ್ರಂಥಾಲಯದ ಮೇಡಂ. ಯಾವುದೋ ಮದುವೆಯಲ್ಲಿ ಕೇಳಿದ್ದರಂತೆ. "ದೊಡ್ಡೋರ ಹಾಡು ಬೇಕಾದಷ್ಟಿವೆ. ನೀವು ಚಿಕ್ಕೋರಿದ್ದಾಗ ಕೇಳಿದ ಹಾಡುಗಳು ಇದ್ರೆ ಕೊಡಿ. ಒಂದು ಆಲ್ಬಂ ಮಾಡೋಣ, ಬರೀ ಮಕ್ಕಳಿಗೆ" ಎಂದರು. ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತೊಟ್ಟಿಲ ದೊಡ್ಡಮ್ಮನ ಹಾಡುಗಳು! ಅವನ್ನು ನಾವು ಯಾವ ವೇದಿಕೆಯ ಮೇಲೂ ಹಾಡಿರಲಿಲ್ಲ. ಮನೆಯ ಕೂಸುಗಳಿಗೆ ಗುನುಗಿದ್ದೆವು, ಅಷ್ಟೇ. ಆ ಸಂಜೆ ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಕೂತು ಶುರುಮಾಡಿದರೆ ಒಂದರ ಬಾಲ ಹಿಡಿದುಕೊಂಡು ಇನ್ನೊಂದು ಬಂತು. ಅತ್ತಿಗೆ ಡೋಲು ಎತ್ತಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ ಊಟದ ಮೇಜನ್ನೇ ಬಾರಿಸಿದಳು.

ರೆಕಾರ್ಡಿಂಗ್ ಕೋಣೆ ಒಂದು ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿಟಕಿಯೇ ಇಲ್ಲ, ಗೋಡೆಗೆಲ್ಲ ಹಾಸಿಗೆಯಂಥ ದಪ್ಪ ಹೊದಿಕೆ. ಅಲ್ಲಿ ಮಾತಾಡಿದರೆ ಮಾತು ಬಾಯಿಂದ ಹೊರಟು ಅಲ್ಲೇ ಕಾಲಬುಡಕ್ಕೆ ಬೀಳುತ್ತದೆ. ಕೆಳಗಿನ ಅಂಗಡಿಯವರು ನಾವು ಹಾಡುವಾಗೆಲ್ಲ ತಮ್ಮ ಗಿರಾಕಿಗಳಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಕೆಮ್ಮಿಗೆ ಔಷಧ ಕೇಳಲು ಬಂದವರು ಕೆಮ್ಮನ್ನು ತಡೆದುಕೊಂಡು ಪಿಸುಮಾತಿನಲ್ಲಿ ಕೇಳುತ್ತಿದ್ದರಂತೆ. ಅವರಿಗೆ ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ.

ರೆಕಾರ್ಡಿಂಗ್ ಮಾಡುವವನು ಗಡ್ಡ ಬಿಟ್ಟ, ಮೃದುಮಾತಿನ ಯುವಕ. ಗಾಜಿನ ಆಚೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದ. ಅವನ ಕಿವಿ ಎಷ್ಟು ಚುರುಕೆಂದರೆ ಸೂಜಿಯ ಮೊಣಕಾಲು ಲಟಕ್ ಎಂದದ್ದೂ ಅವನಿಗೆ ಕೇಳಿಸಿತು.

ಮೊದಲ ದಿನ ಹಿಡಿದದ್ದು ಬಾತುಕೋಳಿ ಹಾಡು.

ಬಾತುಕೋಳಿ ಬೂಟು ಹಾಕಿ ಹೊರಟಿತು ನೋಡು,
ಕೆರೆಯ ದಂಡೆ ಜಾರುತ್ತಂತೆ... ಮೆಲ್ಲಗೆ ಓಡು!

ಹಾಡಿ ಮುಗಿಸಿ ನಾವು ಹೆಮ್ಮೆಯಿಂದ ಗಾಜಿನತ್ತ ನೋಡಿದೆವು. ಅವನು ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ಒಳಗೆ ಬಂದ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಡೋಲು ಒಂದು ಕಡೆ ನಿಂತುಬಿಡ್ತಿದೆ. 'ಜಾರುತ್ತಂತೆ' ಆದ್ಮೇಲೆ. ಅದು ನಿಂತಿದ್ದಕ್ಕೆ ಉಳಿದೋರೂ ಕಾಯ್ತಿದೀರಿ."

"ಹೌದಾ?" ಎಂದಳು ಅತ್ತಿಗೆ. "ಇನ್ನೊಂದ್ಸಲ ಹಿಡಿಯೋಣ ಮಗಾ."

ಇನ್ನೊಂದು ಸಲ ಹಿಡಿದೆವು. ಮತ್ತೊಂದು ಸಲ. ಅವನು ಗಡಿಯಾರದಂಥ ಟಿಕ್ ಟಿಕ್ ಶಬ್ದವನ್ನು ಜೊತೆಗಿಟ್ಟು ನಮಗೆ ಕೇಳಿಸಿದ. ನಿಜವೇ. ಟಿಕ್ ಟಿಕ್ ತನ್ನ ಪಾಡಿಗೆ ನಡೆಯುತ್ತಿತ್ತು. ಡೋಲು ಅದರ ಕೈ ಹಿಡಿದುಕೊಂಡೇ ಬಂದು, ಅದೊಂದು ಜಾಗದಲ್ಲಿ ಕೈ ಬಿಟ್ಟು, ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಗಿ, ಆಮೇಲೆ ಹೊರಡುತ್ತಿತ್ತು. ಪ್ರತಿ ಸಲವೂ ಅಲ್ಲೇ. ಬೇರೆ ಹಾಡು ಹಿಡಿದರೂ ಅಷ್ಟೇ.

"ನಲವತ್ತು ವರ್ಷದಿಂದ ನನ್ನ ಕಿವಿ ಮೇಲೇ ಬಾರಿಸ್ತಿದಾಳೆ, ಒಂದಿನಾನೂ ತಾಳ ತಪ್ಪಿಲ್ಲ. ನಿನ್ನ ಟಿಕ್ ಟಿಕ್ಕನ್ನೇ ಒಮ್ಮೆ ರಿಪೇರಿಗೆ ಕೊಡು" ಎಂದ ಅಣ್ಣ. ಯಾರೂ ನಗಲಿಲ್ಲ, ಯಾಕೆಂದರೆ ಅತ್ತಿಗೆ ತನ್ನ ಎರಡೂ ಅಂಗೈಗಳನ್ನು ಮಗುಚಿ ನೋಡಿಕೊಳ್ಳುತ್ತಿದ್ದಳು, ಯಾರದೋ ಕೈಗಳೆಂಬಂತೆ. ಹಿಂದಿನ ವಾರ ಅವಳ ಕೈಯಿಂದ ಕಾಫಿ ಲೋಟ ಜಾರಿ ಬಿದ್ದಿತ್ತು. ಲೋಟ ಬಿಸಿಯಿತ್ತು ಎಂದಿದ್ದಳು. ಈಗ ಅದೇ ನಮಗೆಲ್ಲ ನೆನಪಾಯಿತು, ನೆನಪಾಗಿದೆಯೆಂದು ಅವಳಿಗೂ ತಿಳಿಯಿತು.

"ಕಂಪ್ಯೂಟರಲ್ಲಿ ತಾಳದ ಏಟು ಹಾಕ್ಕೋಬಹುದು" ಎಂದ ರೆಕಾರ್ಡಿಂಗಿನವನು, ಆದಷ್ಟು ಮೆಲ್ಲಗೆ. "ಅದು ಕಿವೀಲಿ ಕೇಳ್ತಿರುತ್ತೆ, ನೀವು ಅದರ ಮೇಲೆ ಹಾಡ್ತೀರಿ. ಎಲ್ಲರೂ ಮಾಡೋದೇ ಅಮ್ಮಾ. ತಪ್ಪೇನಿಲ್ಲ."

ಅತ್ತಿಗೆ ವಾದ ಮಾಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. "ಹಾಗೇ ಮಾಡಪ್ಪ. ಹಾಡು ಕೆಡಬಾರದು" ಎಂದು ತಕ್ಷಣ ಒಪ್ಪಿಬಿಟ್ಟಳು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಡೋಲನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಕೈ ಹೋಯ್ತು ಕಣೇ ಪುಟ್ಟಿ. ನನಗೇ ಗೊತ್ತಾಗದ ಹಾಗೆ ಹೋಗಿದೆ ನೋಡು. ಈ ಆಲ್ಬಂ ಆಗ್ಲಿ, ಆಮೇಲೆ ಡೋಲು ಯಾರಿಗಾದ್ರೂ ಕೊಟ್ಟುಬಿಡ್ತೀನಿ."

ನಾನು ಸೀಟಿನ ಪಕ್ಕ ಕಂಬಿ ಹಿಡಿದು ನಿಂತಿದ್ದೆ. ಅವಳ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸು ತನ್ನ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಡೋಲಿಗೂ ಸೀಟಿನಲ್ಲಿ ಒಂದಿಷ್ಟು ಜಾಗ ಮಾಡಿಕೊಟ್ಟಳು.

ಮರುದಿನ ಅತ್ತಿಗೆ ಬರಬೇಕಾಗಿರಲಿಲ್ಲ, ಆದರೂ ಬಂದಳು. ಡೋಲು ತರಲಿಲ್ಲ, ಡಬ್ಬಿ ತಂದಳು. "ನಾನು ಹೊರಗೆ ಮೆಟ್ಟಿಲ ಮೇಲೆ ಇರ್ತೀನಿ. ನೀವು ಶುರು ಮಾಡಿ" ಎಂದಳು. ಬಾಗಿಲಿನಲ್ಲಿ ಒಂದು ದುಂಡು ಗಾಜಿತ್ತು. ಅದರಲ್ಲಿ ಅವಳ ಬೆನ್ನು ಕಾಣುತ್ತಿತ್ತು. ನಾನು ಮೈಕಿನ ಮುಂದೆ ನಿಂತು ಕಿವಿಗೆ ಹೆಡ್‌ಫೋನ್ ಏರಿಸಿಕೊಳ್ಳುವಾಗ ಅವಳು ಡಬ್ಬಿ ಬಿಚ್ಚುವುದನ್ನು ನೋಡಿದೆ. ನಾವಿನ್ನೂ ಒಂದು ಸ್ವರವನ್ನೂ ಹಾಡಿರಲಿಲ್ಲ. ಅವಳು ಊಟಕ್ಕೆ ಕೂತುಬಿಟ್ಟಿದ್ದಳು. ಅಣ್ಣನೂ ನೋಡಿದ. ಹಾರ್ಮೋನಿಯಂ ಮೇಲೆ ತಲೆ ಬಗ್ಗಿಸಿ ಇಲ್ಲದ ಧೂಳನ್ನು ಒರೆಸತೊಡಗಿದ.

ಕಿವಿಯಲ್ಲಿ ಕಂಪ್ಯೂಟರಿನ ಏಟು ಶುರುವಾಯಿತು. ನೇರವಾಗಿ, ಚೊಕ್ಕವಾಗಿ, ಒಂದು ಎಳೆ ಆಚೀಚೆ ಇಲ್ಲ. ಹಾಡಿದೆವು. ಕೆರೆಯ ದಂಡೆ ಜಾರುತ್ತಂತೆ ಎಂದೆ, ಮತ್ತು ಮೂವರೂ ಒಟ್ಟಿಗೆ ಹಳ್ಳಕ್ಕೆ ಬಿದ್ದೆವು. ನಾನು ನಿಂತೆ, ಅಣ್ಣನ ಬೆರಳು ನಿಂತವು, ಸೂಜಿಯ ಕೊಳಲು ನಿಂತಿತು. ಏಟು ಮಾತ್ರ ನಮ್ಮನ್ನು ಬಿಟ್ಟು ರೈಲಿನಂತೆ ಹೊರಟುಹೋಯಿತು.

"ಪರವಾಗಿಲ್ಲ, ಇನ್ನೊಂದ್ಸಲ" ಎಂದ ಗಾಜಿನ ಆಚೆಯವನು.

ಇನ್ನೊಂದು ಸಲ ಬಿದ್ದೆವು. ನಿಲ್ಲಲೇಬಾರದೆಂದು ನಾನು ಮುಷ್ಟಿ ಬಿಗಿಹಿಡಿದು ಹಾಡಿದೆ. ಗಂಟಲು ತಾನಾಗಿ ನಿಂತಿತು. ಅಣ್ಣ ಕಣ್ಣು ಮುಚ್ಚಿ ನೋಡಿದ, ತೆರೆದು ನೋಡಿದ. ಸೂಜಿ ಕಾಲಿನಿಂದ ನೆಲಕ್ಕೆ ಬಡಿದುಕೊಂಡು ನುಡಿಸಿದ; ಆ ಜಾಗ ಬಂದಾಗ ಅವನ ಕಾಲೂ ಗಾಳಿಯಲ್ಲೇ ನಿಂತಿತು.

"ಲೋ ಸೂಜಿ, ನಿನ್ನ ಕಾಲೂ ಕೆಟ್ಟೋಯ್ತೇನೋ?" ಎಂದ ಅಣ್ಣ.

"ಬ್ರೇಕು ಹಾಕಿದ್ದು ನೀನು. ಹಿಂದೆ ಬರೋ ಗಾಡಿ ನಿಲ್ಲಲೇಬೇಕಲ್ಲ."

ರೆಕಾರ್ಡಿಂಗಿನವನು ಏಟನ್ನು ನಿಲ್ಲಿಸಿ ಒಳಗೆ ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಕಳೆದುಹೋದದ್ದು ಕೈಗೆ ಸಿಕ್ಕೀತೆಂಬ ಕುತೂಹಲವಿತ್ತು. "ಒಬ್ರು ಒಂದು ಕಡೆ ನಿಂತ್ರೆ ಅದು ತಪ್ಪು" ಎಂದ. "ಮೂರೂ ಜನ ಒಂದೇ ಕಡೆ, ಅಷ್ಟೇ ಹೊತ್ತು ನಿಂತ್ರೆ ಅದೇನು? ಇವತ್ತು ಡೋಲೂ ಇಲ್ಲ. ಇದನ್ನ ನೀವೆಲ್ಲ ಎಲ್ಲಿ ಕಲಿತ್ರಿ?"

ಹಾಡು ಇರುವುದೇ ಹಾಗೆ ಎಂದುಕೊಂಡಿದ್ದೆವು. ನಾವು ಹುಟ್ಟಿದಾಗಿನಿಂದ ಅದು ಹಾಗೆಯೇ ಇತ್ತು.

ಅವನು ಸ್ವಲ್ಪ ಬಿಡುವು ಕೊಟ್ಟ. ನಾನು ಮುಖ ತೊಳೆಯಲು ಹೋದೆ. ನಲ್ಲಿಯ ಪಕ್ಕ ಯಾರೋ ಬಿಸಿನೀರಿನಲ್ಲಿ ನೆನೆದು ಮೆತ್ತಗಾದ ಸಾಬೂನಿನ ತುಂಡೊಂದನ್ನು ಇಟ್ಟಿದ್ದರು. ಎತ್ತಿಕೊಂಡರೆ ಬೆರಳಿನ ಗುಳಿ ಬಿತ್ತು. ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ, ವಾಸನೆಗೆ ಹಗ್ಗ ಕಟ್ಟಿ ಎಳೆದ ಹಾಗೆ, ಒಂದು ಸದ್ದು ಬಂತು. ದಡ್. ದಡ್. ದಡ್. ದಡ್. ಆಮೇಲೆ ಏನೂ ಇಲ್ಲ. ಒಂದು ಉಸಿರು. ಆಮೇಲೆ ಮತ್ತೆ ದಡ್.

ಕೈಯ ನೊರೆಯನ್ನೂ ತೊಳೆಯದೆ ಮೆಟ್ಟಿಲಿಗೆ ಓಡಿದೆ. ನನ್ನ ವಯಸ್ಸಿನವರು ಓಡುವುದನ್ನು ಓಟ ಎನ್ನಬಹುದಾದರೆ.

"ಏನೇ, ಮುಗೀತಾ? ಚೆನ್ನಾಗಿ ಬಂತಾ?" ಅತ್ತಿಗೆಯ ಬಾಯಲ್ಲಿ ತುತ್ತಿತ್ತು.

"ಅತ್ತಿಗೆ, ಬಿಕ್ಕಳಿಕೆ ಮಾಮನ ನೆನಪಿದ್ಯಾ?"

ಅವಳು ಅಗಿಯುವುದನ್ನು ನಿಲ್ಲಿಸಿದಳು.

ಗೋಡೆಯ ಆಚೆ, ಎಲ್ಲಕ್ಕಿಂತ ಹತ್ತಿರ ಇದ್ದದ್ದು ಸಾಬೂನಿಗೆ ಅಚ್ಚು ಒತ್ತುವ ಯಂತ್ರ. ದಿನವಿಡೀ ದಡ್ ದಡ್ ಎಂದು ಒತ್ತುತ್ತಿತ್ತು. ಅದರ ಗಾಲಿಯ ಒಂದು ಹಲ್ಲು ಮುರಿದಿತ್ತು. ಆ ಹಲ್ಲಿನ ಸರದಿ ಬಂದಾಗ ಗಾಲಿ ಜಾರಿ, ಮುಂದಿನ ಹಲ್ಲು ಸಿಗುವವರೆಗೆ ಯಂತ್ರ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು. ನಾವು ಮಕ್ಕಳು ಅದಕ್ಕೆ ಬಿಕ್ಕಳಿಕೆ ಮಾಮ ಎಂದು ಹೆಸರಿಟ್ಟಿದ್ದೆವು.

"ಅಚ್ಚಿನ ಯಂತ್ರ" ಎಂದಳು ಅತ್ತಿಗೆ ನಿಧಾನವಾಗಿ. "ಸದ್ದಿಗೆ ಕೂಸುಗಳು ಅಳ್ತಿರ್ಲಿಲ್ಲ. ಸದ್ದು ನಿಂತಾಗ ಬೆಚ್ಚಿಬಿದ್ದು ಅಳ್ತಿದ್ವು."

"ಅದಕ್ಕೇ ದೊಡ್ಡಮ್ಮ..."

"ಅದಕ್ಕೇ ದೊಡ್ಡಮ್ಮ ಅಲ್ಲಿ ನಮ್ಮನ್ನ ಹಾರಿಸ್ತಿದ್ಲು! ಸದ್ದು ನಿಂತ ಕೂಡ್ಲೇ ಹಾರಬೇಕು. ನೀನು ನನ್ನ ಕಾಲ ಮೇಲೇ ಬಂದು ಬೀಳ್ತಿದ್ದೆ."

"ನೀನು ಜಡೆ ಎಳೀತಿದ್ದೆ, ಅದಕ್ಕೆ."

ಅವಳು ನಗಲಿಲ್ಲ. ಎಡಗೈಯನ್ನು ಮೆಟ್ಟಿಲ ಮೇಲೆ ಇಟ್ಟಳು. ಕಾಣಿಸದಷ್ಟು ಮೆಲ್ಲಗೆ ಬೆರಳು ಬಡಿದಳು. ದಡ್ ದಡ್ ದಡ್ ದಡ್. ಉಸಿರು. ದಡ್. ನನಗೂ ಆಗಲೇ ಪೂರ್ತಿ ಅರ್ಥವಾದದ್ದು. ದೊಡ್ಡಮ್ಮ ಹಾಡುಗಳನ್ನು ಯಂತ್ರದ ಅಳತೆಗೆ ಹೊಲಿದಿದ್ದಳು, ಅದರ ಹರಕನ್ನೂ ಸೇರಿಸಿ. ಕೂಸುಗಳಿಗೆ ಭಯವಾಗುವ ಜಾಗವನ್ನು ಹುಡುಕಿ, ಆ ಜಾಗದಲ್ಲೇ ಆಟ ಇಟ್ಟಿದ್ದಳು. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅವಳಿಗೆ ಅನ್ನಿಸಿರಲೂ ಇಲ್ಲವೇನೋ.

"ಹಾಗಾದ್ರೆ ನನ್ನ ಕೈ..."

"ನಿನ್ನ ಕೈ ನೆಟ್ಟಗಿದೆ ಕಣೇ. ಮುರಿದಿರೋದು ಯಂತ್ರದ ಹಲ್ಲು."

ಅತ್ತಿಗೆ ಎಡಗೈಯನ್ನು ಮಗುಚಿ ನೋಡಿಕೊಂಡಳು. ಆಮೇಲೆ ಡಬ್ಬಿಯತ್ತ ನೋಡಿ ಹಣೆ ಚಚ್ಚಿಕೊಂಡಳು. "ಥೂ! ಊಟ ಮಾಡ್ಬಿಟ್ನಲ್ಲೇ!"

"ಎಷ್ಟು ತಿಂದೆ?"

"ಎರಡು ತುತ್ತು. ಇಲ್ಲ, ಮೂರು. ಮೊಟ್ಟೆ ಮುಟ್ಟಿಲ್ಲ."

"ಮೊಟ್ಟೆ ಮುಟ್ಟದಿದ್ರೆ ಅದು ಊಟ ಅಲ್ಲ, ರುಚಿ ನೋಡಿದ್ದು. ಏಳು ಮೇಲೆ."

ಡೋಲು ಮನೆಯಲ್ಲಿತ್ತು. ತರುತ್ತೇನೆಂದು ಸೂಜಿ ತಾನೇ ಹೊರಟ, ಮೊಣಕಾಲು ಲಟಲಟ ಎನಿಸುತ್ತ. ಅವನು ಬರುವವರೆಗೆ ನಾನು ರೆಕಾರ್ಡಿಂಗಿನವನಿಗೆ ಎಲ್ಲ ಹೇಳಿದೆ. ಯಂತ್ರ, ಗಾಲಿ, ದೊಡ್ಡಮ್ಮ, ಹಾರುವ ಆಟ. ಅವನು ಅರ್ಧ ಮುಚ್ಚಿದ ಡಬ್ಬಿಯನ್ನು ನೋಡಿ, ಅಮ್ಮ ಯಾಕೆ ಊಟ ಬಿಟ್ಟರು ಎಂದು ಕೇಳಿದ. ಅದನ್ನೂ ಹೇಳಿದೆ. ಅವನು ತಲೆಯಾಡಿಸಿದ. ಎದ್ದುಹೋಗಿ ನಮ್ಮ ಹೆಡ್‌ಫೋನುಗಳನ್ನೆಲ್ಲ ಗೂಟಕ್ಕೆ ನೇತುಹಾಕಿದ. ನಾಲ್ಕು ಕುರ್ಚಿಗಳನ್ನು ದುಂಡಗೆ ಇಟ್ಟು ನಡುವೆ ಮೈಕು ನಿಲ್ಲಿಸಿದ. "ಒಬ್ಬರ ಮುಖ ಒಬ್ಬರು ನೋಡ್ಕೊಂಡು ಹಾಡಿ" ಎಂದ.

ಆ ದಿನ, ಅದರ ಮರುದಿನ, ಇನ್ನೂ ಎರಡು ಮೂರು ದಿನ ಹಾಡಿದೆವು. ನಿಲ್ಲಬೇಕಾದಲ್ಲೆಲ್ಲ ನಿಂತೆವು, ಈಗ ತಲೆಯೆತ್ತಿಕೊಂಡು. ಅತ್ತಿಗೆ ಆ ಜಾಗ ಬಂದಾಗಲೆಲ್ಲ ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದು, ನಮ್ಮನ್ನೆಲ್ಲ ಒಂದು ಸುತ್ತು ಕಣ್ಣಲ್ಲೇ ನೋಡಿ, ಆಮೇಲೆ ಕೆಳಗೆ ಬಿಡುತ್ತಿದ್ದಳು.

ಇಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಗ್ರಂಥಾಲಯದ ಮೇಡಂ ಕೇಳಿ ಹುಬ್ಬು ಗಂಟಿಕ್ಕಿದರು. "ಕಥೆ ತುಂಬಾ ಚೆನ್ನಾಗಿದೆ. ಆದ್ರೆ ಕೇಳೋ ಮಕ್ಕಳಿಗೆ ಯಂತ್ರ ಗೊತ್ತಿಲ್ಲ, ದೊಡ್ಡಮ್ಮ ಗೊತ್ತಿಲ್ಲ. ಅವರು ಅಲ್ಲಿ ಎಡವಲ್ವಾ? ರೆಕಾರ್ಡು ಕೆಟ್ಟಿದೆ ಅಂದ್ಕೊಳ್ಳಲ್ವಾ?" ಅವರು ಕೇಳಿದ್ದು ತಪ್ಪೇನಲ್ಲ. ಮಕ್ಕಳಿಗಾಗಿ ಮಾಡುವ ಆಲ್ಬಂ, ನಮ್ಮ ಹಳೆಯ ನೆನಪಿಗಾಗಿ ಅಲ್ಲ. ಕೊನೆಗೆ ಒಂದು ತೀರ್ಮಾನವಾಯಿತು. ಆ ನಿಲುಗಡೆಗಳನ್ನು ಕತ್ತರಿಸಿ, ಕಂಪ್ಯೂಟರ್ ಏಟು ಹಾಕಿ, ಬಾತುಕೋಳಿ ಹಾಡಿನ ಇನ್ನೊಂದು ಪ್ರತಿ ಮಾಡುವುದು. ಎರಡನ್ನೂ ಗ್ರಂಥಾಲಯದ ಮಕ್ಕಳಿಗೆ ಕೇಳಿಸುವುದು, ಏನೂ ಹೇಳದೆ. ಅವರು ಯಾವುದನ್ನು ಒಪ್ಪುತ್ತಾರೋ ಹಾಗೆ ಇಡೀ ಆಲ್ಬಂ.

ಅಂದರೆ ಅತ್ತಿಗೆಯ ಡೋಲು ಇರುವುದೋ ಹೋಗುವುದೋ ಇನ್ನು ಮಕ್ಕಳ ಕೈಯಲ್ಲಿತ್ತು.

ಆ ಶನಿವಾರ ಅತ್ತಿಗೆ ಬೆಳಗಿನಿಂದ ಏನೂ ತಿನ್ನಲಿಲ್ಲ. "ಹಾಡೋದು ರೆಕಾರ್ಡು, ನೀನ್ಯಾಕೆ ಉಪವಾಸ?" ಎಂದ ಅಣ್ಣ.

"ಅದರೊಳಗಿರೋದು ನನ್ನ ಕೈ ತಾನೇ? ಡಬ್ಬಿ ಕಟ್ಟಿದೀನಿ, ಆಮೇಲೆ ನೋಡ್ಕೊಂಡ್ರಾಯ್ತು." ಡೋಲನ್ನೂ ಹೆಗಲಿಗೆ ಹಾಕಿಕೊಂಡಳು. ಅದೇಕೆ ಎಂದು ಯಾರೂ ಕೇಳಲಿಲ್ಲ.

ಗ್ರಂಥಾಲಯದ ಓದುವ ಕೋಣೆ ಉದ್ದನೆಯದು, ಮರದ ನೆಲ, ಗೋಡೆಗುಂಟ ಮೊಣಕಾಲೆತ್ತರದ ಕಪಾಟುಗಳು. ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿದ್ದರು. ಮಕ್ಕಳು ಎಲ್ಲೆಂದರಲ್ಲಿ ಕೂತಿದ್ದರು, ಬಿದ್ದುಕೊಂಡಿದ್ದರು, ಒಬ್ಬರ ಮೇಲೊಬ್ಬರು ಒರಗಿದ್ದರು. ಅರ್ಧಕ್ಕರ್ಧ ಮಂದಿಗೆ ಮುಂದಿನ ಹಲ್ಲು ಉದುರಿತ್ತು. ನಾವು ನಾಲ್ವರು ಬಾಗಿಲ ಹೊರಗೆ ನಿಂತೆವು. ರೆಕಾರ್ಡಿಂಗಿನವನು ಸ್ಪೀಕರ್ ಪಕ್ಕ ಮಂಡಿಯೂರಿ ಕೂತಿದ್ದ.

ಮೊದಲು ನೇರವಾದ ಪ್ರತಿ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಕೆಲವರು ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗ ಹಾಡು ಮುಗಿಯುವವರೆಗೂ ತನ್ನ ಬೂಟಿನ ತಳದಲ್ಲಿ ಅಂಟಿದ್ದ ಏನನ್ನೋ ಕೀಳುತ್ತಿದ್ದ.

"ಪಾಪ, ಅದು ಬಾತುಕೋಳಿ ಬೂಟು ಅಂದ್ಕೊಂಡ" ಎಂದ ಅಣ್ಣ. ಅತ್ತಿಗೆ ಅವನ ತೋಳು ಚಿವುಟಿದಳು.

ಆಮೇಲೆ ನಮ್ಮದು.

ಕೆರೆಯ ದಂಡೆ ಜಾರುತ್ತಂತೆ. ಮೌನ. ಇಡೀ ಕೋಣೆ ಸ್ತಬ್ಧ. ಮಕ್ಕಳು ಸ್ಪೀಕರ್ ಕಡೆ ನೋಡಿದರು. ಹಳದಿ ಅಂಗಿಯ ಪುಟ್ಟ ಹುಡುಗಿಯೊಬ್ಬಳು ಛಾವಣಿಯತ್ತ ನೋಡಿದಳು, ಹಾಡು ಅಲ್ಲಿಗೆ ಹಾರಿಹೋಯಿತೇನೋ ಎಂಬಂತೆ. ಮೇಡಂ ನಮ್ಮತ್ತ ನೋಡಿದರು. ನನ್ನ ಕೈಯಲ್ಲಿದ್ದ ಅತ್ತಿಗೆಯ ಕೈ ಮಂಜುಗಡ್ಡೆಯಾಗಿತ್ತು. ಮೆಲ್ಲಗೆ ಓಡು!

ಎರಡನೆಯ ಸಲ ಆ ಜಾಗ ಬಂದಾಗ ಹಳದಿ ಅಂಗಿ ನಕ್ಕಳು. ಹೊಟ್ಟೆಯೊಳಗಿಂದ ಉಕ್ಕಿದ ನಗು, ಕಚಗುಳಿ ಇಟ್ಟ ಹಾಗೆ. ಪಕ್ಕದವನು ಅವಳನ್ನು ನೋಡಿ ನಕ್ಕ. ಮೂರನೆಯ ಸಲ ಅವಳು ಎದ್ದು ನಿಂತಿದ್ದಳು. ಹಾಡು ಆ ಜಾಗಕ್ಕೆ ಹತ್ತಿರವಾಗುತ್ತಿದ್ದಂತೆ ಅವಳ ಮೊಣಕಾಲು ಬಾಗಿದವು. ಯಾರೂ ಹೇಳಿಕೊಟ್ಟಿರಲಿಲ್ಲ. ಜಾರುತ್ತಂತೆ ಎನ್ನುತ್ತಲೇ ಅವಳು ಹಾರಿದಳು. ಎರಡೂ ಜಡೆ ಮೇಲಕ್ಕೆದ್ದವು. ಅವಳ ಕಾಲು ನೆಲ ಮುಟ್ಟಿದ್ದೂ ಡೋಲಿನ ಮುಂದಿನ ಏಟು ಬಿದ್ದದ್ದೂ ಒಟ್ಟಿಗೇ.

ಆಮೇಲೆ ಹಿಡಿಯುವವರಿಲ್ಲ. ಬಿದ್ದುಕೊಂಡಿದ್ದವರು ಎದ್ದರು, ಬೂಟಿನ ಹುಡುಗ ಬೂಟು ಬಿಸಾಕಿ ಎದ್ದ. ನಾಲ್ಕನೆಯ ಸಲ ಅರ್ಧ ಕೋಣೆ ಹಾರಿತು. ಐದನೆಯ ಸಲ ಇಡೀ ಕೋಣೆ ಹಾರಿತು. ಮೌನ, ಗಾಳಿಯಲ್ಲಿ ತೇಲುವ ಅಷ್ಟೂ ಜಡೆಗಳು, ಹಲ್ಲಿಲ್ಲದ ಅಷ್ಟೂ ತೆರೆದ ಬಾಯಿಗಳು, ಆಮೇಲೆ ದಡ್! ಮರದ ನೆಲ ಗುಡುಗಿತು. ಕಪಾಟಿನಿಂದ ದಪ್ಪದೊಂದು ಪುಸ್ತಕ ಕೆಳಗೆ ಬಿತ್ತು. ಹಾಡು ಮುಗಿಯುತ್ತಲೇ "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಕಿರುಚಾಟ.

ಅತ್ತಿಗೆ ನನ್ನ ಕೈ ಬಿಟ್ಟಳು. ಡೋಲಿನ ಗವಸು ಕಳಚಿ ಅಣ್ಣನ ತಲೆಯ ಮೇಲೆ ಹಾಕಿದಳು, ಅದೇಕೋ ಗೊತ್ತಿಲ್ಲ, ಸಂತೋಷಕ್ಕಿರಬೇಕು. ಮಕ್ಕಳ ನಡುವೆ ನಡೆದುಹೋಗಿ ಬಾರಿಸತೊಡಗಿದಳು. ರೆಕಾರ್ಡಿಂಗಿನವನು ಸ್ಪೀಕರನ್ನು ಆರಿಸಿದ. ನಾವು ಮೂವರೂ ಹಿಂದೆ ಓಡಿದೆವು. ಹಾಡಿದೆವು ನೋಡಿ ಆ ದಿನ! ಅತ್ತಿಗೆಯ ಕೈ ಗಾಳಿಯಲ್ಲಿ ನಿಂತಾಗಲೆಲ್ಲ ಮಕ್ಕಳು ಹಾರುತ್ತಿದ್ದರು, ಇಳಿಯುತ್ತಿದ್ದರು, ನೆಲ ದಡ್ ಎನ್ನುತ್ತಿತ್ತು. ಬಿಕ್ಕಳಿಕೆ ಮಾಮನಿಗೆ ಇಷ್ಟು ವರ್ಷಗಳ ಮೇಲೆ ಆ ಮುರಿದ ಹಲ್ಲು ಮತ್ತೆ ಮೊಳೆತಿತ್ತು. ಯಾವಾಗಲೋ ನೋಡಿದರೆ ಮೇಡಂ ಕೂಡ ಕನ್ನಡಕ ಕೈಯಲ್ಲಿ ಹಿಡಿದು ಹಾರುತ್ತಿದ್ದರು.

"ಆ ಸರಿ ಮಾಡಿದ ಪ್ರತಿ ಇದ್ಯಲ್ಲ" ಎಂದು ಅವರು ಏದುಸಿರಿನಲ್ಲಿ ರೆಕಾರ್ಡಿಂಗಿನವನಿಗೆ ಹೇಳಿದರು, "ಅದನ್ನ ಅಳಿಸಿಬಿಡಿ."

"ಮೂರನೇ ಸಲ ಹಾರಿದಾಗ್ಲೇ ಅಳಿಸ್ದೆ ಮೇಡಂ."

ಆಲ್ಬಮ್ಮಿನ ಹೆಸರೂ ಅಲ್ಲೇ ಆಯಿತು. ಸೂಜಿ ಅಂದ, ಎಲ್ಲರೂ ಹೂಂ ಅಂದರು: ಬಿಕ್ಕಳಿಕೆ ಮಾಮ. ಒಳಗಿನ ಕಾಗದದ ಮೇಲೆ, ನಮ್ಮೆಲ್ಲರ ಹೆಸರಿಗಿಂತ ಮೇಲೆ, ತೊಟ್ಟಿಲ ದೊಡ್ಡಮ್ಮನ ಹಾಡುಗಳು ಎಂದು ಹಾಕಿಸಿದೆವು.

ಕೊನೆಗೆ ಮಕ್ಕಳನ್ನು ತಣ್ಣಗೆ ಮಾಡಲು ಜೋಗುಳ ಹಾಡಿದೆವು. ಅದರಲ್ಲೂ ಆ ಜಾಗ ಇದೆ. ದೊಡ್ಡಮ್ಮ ಅಲ್ಲಿ ಕೂಸನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸುತ್ತಿದ್ದಳು. ಮೌನ ಬಂದಾಗ ಹಳದಿ ಅಂಗಿಯ ಹುಡುಗಿ ಕರೆದೊಯ್ಯಲು ಬಂದಿದ್ದ ಅಮ್ಮನ ಮಡಿಲಲ್ಲಿ ಮಗ್ಗುಲು ಬದಲಿಸಿದಳು. ಅವಳ ಅಮ್ಮ ನಮ್ಮತ್ತ ನೋಡಿ, ಸದ್ದಾಗದಂತೆ, ತುಟಿಯಲ್ಲೇ ಏನೋ ಹೇಳಿದರು. ಥ್ಯಾಂಕ್ಸ್ ಎಂದಿರಬೇಕು.

ಮಕ್ಕಳೆಲ್ಲ ಹೋದರು. ಅಣ್ಣ, ಸೂಜಿ ಇಬ್ಬರೂ ಕುರ್ಚಿಗಳನ್ನು ಹಿಂದಿನ ಜಾಗಕ್ಕೆ ಎಳೆದರು. ನಾನು ಬಿದ್ದ ಪುಸ್ತಕವನ್ನು ಕಪಾಟಿಗೆ ಸೇರಿಸಿದೆ. ಅತ್ತಿಗೆ ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿದ್ದಳು. ಬೆವರಿದ್ದಳು, ಮುಖ ಕೆಂಪಾಗಿತ್ತು, ಕೈ ನಡುಗುತ್ತಿತ್ತು. ನಡುಗಲಿ ಬಿಡು ಎಂಬಂತೆ ಅದನ್ನು ನೋಡಿಕೊಂಡಳು.

ರೆಕಾರ್ಡಿಂಗಿನವನು ಎಲ್ಲಿಗೋ ಹೋಗಿದ್ದ. ಬಂದಾಗ ಅವನ ಕೈಯಲ್ಲಿ ಅವಳ ಡಬ್ಬಿಯಿತ್ತು. ಮೇಡಂ ಅವರ ಪುಟ್ಟ ಅಡುಗೆಕೋಣೆಯಲ್ಲಿ ಬಿಸಿ ಮಾಡಿಸಿಕೊಂಡು ಬಂದಿದ್ದ. ಮುಚ್ಚಳದ ಅಂಚಿನಿಂದ ಹಬೆ ಬರುತ್ತಿತ್ತು. ಆದರೆ ಅವನು ಕೊಡಲಿಲ್ಲ. ಗೋಡೆಗೆ ಒರಗಿ ನಿಂತು ಕಾದ. ಅತ್ತಿಗೆ ಡೋಲಿನ ಹಗ್ಗವನ್ನು ಒಂದೊಂದಾಗಿ ಸಡಿಲಿಸಿದಳು. ಅಣ್ಣನಿಂದ ಗವಸು ಇಸಿದುಕೊಂಡು ತೊಡಿಸಿದಳು. ದಾರ ಬಿಗಿದು ಗಂಟು ಹಾಕಿದಳು.

ಆಗ ಅವನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಮುಚ್ಚಳ ತೆಗೆದ. ಮೊಟ್ಟೆಯ ಸಿಪ್ಪೆಯನ್ನು ಆಗಲೇ ಬಿಡಿಸಿಟ್ಟಿದ್ದ. ಎರಡೂ ಕೈಗಳಲ್ಲಿ ಡಬ್ಬಿಯನ್ನು ಅವಳ ಮಡಿಲಿಗೆ ಇಟ್ಟ.